11 ವರ್ಷ ಉರಿದ ಗಾಜಿನ ಕುಲುಮೆ, ಉತ್ಪಾದನಾ ವ್ಯವಸ್ಥಾಪಕನ ಹುದ್ದೆ: ಒಪ್ಪಿಕೊಳ್ಳಬಹುದೇ?

ಪ್ರಶ್ನೆ: ವಿರಾಜಪೇಟೆ ತಾಲ್ಲೂಕಿನ ಪ್ರೊಸೆಸ್ ಎಂಜಿನಿಯರ್

ಎಲ್ಲರಿಗೂ ನಮಸ್ಕಾರ. ನಾನು ಕೆಮಿಕಲ್ ಎಂಜಿನಿಯರಿಂಗ್ ಓದಿದವನು. 12 ವರ್ಷಗಳಿಂದ ಹೊರರಾಜ್ಯದಲ್ಲಿ, ಗಾಜಿನ ಬಾಟಲಿ ತಯಾರಿಸುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದೇನೆ. ಮೊದಲ 2 ವರ್ಷ ಬ್ಯಾಚ್ ಹೌಸ್‌ನಲ್ಲಿ ಮರಳು, ಸೋಡಾ ಆಶ್, ಸುಣ್ಣಕಲ್ಲು ಮತ್ತು ಒಡೆದ ಗಾಜಿನ ಚೂರು, ಅಂದರೆ ನಾವು ಕಲೆಟ್ ಎನ್ನುವುದರ ತೂಕ ಮತ್ತು ಮಿಶ್ರಣವನ್ನು ನೋಡಿಕೊಂಡೆ. ಆಮೇಲೆ 6 ವರ್ಷ ಕುಲುಮೆಯ ಮೇಲುಸ್ತುವಾರಿಯಲ್ಲಿದ್ದೆ. ಈಚಿನ 4 ವರ್ಷ ಬಾಟಲಿ ಅಚ್ಚು ಹಾಕುವ ಐ.ಎಸ್. ಯಂತ್ರಗಳ ಪ್ರೊಸೆಸ್ ಎಂಜಿನಿಯರ್ ಆಗಿದ್ದೇನೆ.

ಈಗ ಗುಜರಾತಿನ ಒಂದು ಕಾರ್ಖಾನೆಯವರು ನನ್ನನ್ನು ಉತ್ಪಾದನಾ ವ್ಯವಸ್ಥಾಪಕನ ಹುದ್ದೆಗೆ ಕರೆದಿದ್ದಾರೆ. ಅಲ್ಲಿರುವುದು ಒಂದೇ ಕುಲುಮೆ, ದಿನಕ್ಕೆ ಸುಮಾರು 220 ಟನ್ ಗಾಜು ಕರಗಿಸುವಂಥದ್ದು, ಅದರ ಮುಂದೆ ಮೂರು ಯಂತ್ರಗಳು. ಆ ಕುಲುಮೆ ಹೊತ್ತಿಕೊಂಡು 11 ವರ್ಷಗಳಾಗಿವೆ ಎಂಬುದೊಂದೇ ನನ್ನನ್ನು ಯೋಚನೆಗೆ ಹಚ್ಚಿರುವ ಸಂಗತಿ. ಮುಂದಿನ ಎರಡು ವರ್ಷಗಳಲ್ಲಿ ಅದನ್ನು ಆರಿಸಿ ಹೊಸದಾಗಿ ಕಟ್ಟುವ ಮಾತಿದೆ, ಆದರೆ ತಾರೀಖು ನಿಗದಿಯಾಗಿಲ್ಲ.

ಕಾಫಿ ಕುಯ್ಲಿಗೆಂದು ಹತ್ತು ದಿನದ ರಜೆಯ ಮೇಲೆ ಮನೆಗೆ ಬಂದಿದ್ದೇನೆ. ಅಪ್ಪನಿಗೆ ವಯಸ್ಸಾಗಿದೆ, 6 ಎಕರೆ ತೋಟವಿದೆ. ಇನ್ನೂ ಎಷ್ಟು ದೂರ ಹೋಗುತ್ತೀಯ ಎಂದು ಅಮ್ಮ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವನ್ನು ನಾನೇ ಹುಡುಕಿಕೊಳ್ಳಬೇಕು. ಇಲ್ಲಿ ಕೇಳುವುದು ಕೆಲಸದ ವಿಷಯವನ್ನು ಮಾತ್ರ. ವ್ಯವಸ್ಥಾಪಕನಾದವನು ಪ್ರೊಸೆಸ್‌ನಿಂದ ದೂರವಾಗಿ ಬರೀ ಸಭೆ, ವರದಿಗಳಲ್ಲಿ ಮುಳುಗಿಬಿಡುತ್ತಾನೆಯೇ? ಕೊನೆಗಾಲದ ಕುಲುಮೆಯೊಂದನ್ನು ಹೊಸಬನಾಗಿ ಕೈಗೆತ್ತಿಕೊಳ್ಳುವುದು ವಿವೇಕವೇ? ಒಪ್ಪುವ ಮೊದಲು ನಾನು ಅವರಲ್ಲಿ ಏನೇನು ಕೇಳಬೇಕು? ಈ ಉದ್ಯೋಗದಲ್ಲಿ ಪಳಗಿದ ಕೊಡಗಿನವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಮಡಿಕೇರಿಯ ನಿವೃತ್ತ ಕುಲುಮೆ ಎಂಜಿನಿಯರ್

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 31 ವರ್ಷ ಗಾಜಿನ ಕುಲುಮೆಗಳ ಮುಂದೆ ಕಳೆದು, ಕೊನೆಯ 9 ವರ್ಷ ನೀವು ಹೇಳುವಂಥದ್ದೇ ಹುದ್ದೆಯಲ್ಲಿದ್ದು ಊರಿಗೆ ಮರಳಿದವನು ನಾನು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಬೇರೆ ಕಾರ್ಖಾನೆಗಳಲ್ಲಿ ತಪ್ಪು ಕಂಡರೆ ಯಂತ್ರ ನಿಲ್ಲಿಸಿ, ಬಿಚ್ಚಿ, ಸರಿಪಡಿಸಿ, ಮತ್ತೆ ಚಾಲೂ ಮಾಡಬಹುದು. ಗಾಜಿನಲ್ಲಿ ಅದಕ್ಕೆ ಆಸ್ಪದವಿಲ್ಲ. ಬಾಟಲಿ ಗಾಜಿನ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ 10ರಿಂದ 15 ವರ್ಷ ಅದು ಹಗಲಿರುಳು, ಹಬ್ಬ ಹರಿದಿನವೆನ್ನದೆ ಉರಿಯುತ್ತಲೇ ಇರಬೇಕು. ಒಳಗಿನ ಚಾವಣಿಯ ಉಷ್ಣತೆ 1,550 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಇಟ್ಟಿಗೆಗಳು ದಿನದಿನವೂ ಸವೆಯುತ್ತಿರುತ್ತವೆ. ದಿನಕ್ಕೆ ಕುಲುಮೆಯಿಂದ ಎಷ್ಟು ಟನ್ ಗಾಜು ಎಳೆಯಬೇಕು, ಕಲೆಟ್ ಎಷ್ಟು ಪಾಲು ಹಾಕಬೇಕು, ಬಣ್ಣ ಯಾವಾಗ ಬದಲಾಯಿಸಬೇಕು ಎಂದು ವ್ಯವಸ್ಥಾಪಕ ಕೈಗೊಳ್ಳುವ ಒಂದೊಂದು ನಿರ್ಧಾರವೂ ಆ ಇಟ್ಟಿಗೆಯ ಮೇಲೆ ಗೀರು ಎಳೆಯುತ್ತದೆ. ಹೀಗಿರುವಾಗ ಪ್ರೊಸೆಸ್ ಬೇರೆ, ಆಡಳಿತ ಬೇರೆ ಎಂಬ ಮಾತು ಗಾಜಿಗೆ ಹೊಂದುವುದಿಲ್ಲ. ಸಭೆ, ವರದಿಗಳು ಇದ್ದೇ ಇರುತ್ತವೆ; ಅವುಗಳಿಗೆ ಹೋಗುವ ಮೊದಲು ಪ್ರತಿದಿನ ಬೆಳಿಗ್ಗೆ ನೀಲಿ ಗಾಜನ್ನು ಕಣ್ಣಿಗೆ ಹಿಡಿದು ಕುಲುಮೆಯ ಇಣುಕುಕಿಂಡಿಯಲ್ಲಿ ನೋಡದ ವ್ಯವಸ್ಥಾಪಕನಿಗೆ ಆ ಸಭೆಯಲ್ಲಿ ಹೇಳುವುದಕ್ಕೆ ಏನೂ ಇರುವುದಿಲ್ಲ.

ನಮ್ಮ ಊರಿನವರಿಗೆ ಗಾಜನ್ನು ವಿವರಿಸಬೇಕಾದಾಗ ನಾನು ಜೇನಿನ ಉದಾಹರಣೆ ಕೊಡುತ್ತೇನೆ. ಗಾಜಿಗೆ ಮಂಜುಗಡ್ಡೆಯ ಹಾಗೆ ಕರಗುವ ಒಂದು ನಿಶ್ಚಿತ ಬಿಂದುವಿಲ್ಲ. ಬಿಸಿ ಏರಿದಂತೆ ತೆಳುವಾಗುತ್ತ, ಇಳಿದಂತೆ ದಪ್ಪಗಾಗುತ್ತ ಹೋಗುತ್ತದೆ. 1,450 ಡಿಗ್ರಿಯ ಸುಮಾರಿಗೆ ಕುಲುಮೆಯಲ್ಲಿರುವ ಗಾಜಿನ ಸ್ನಿಗ್ಧತೆ ಹೆಚ್ಚುಕಡಿಮೆ ನಮ್ಮ ಅಡುಗೆಮನೆಯ ಜೇನುತುಪ್ಪದಷ್ಟೇ. ಅದು ಫೀಡರ್‌ನ ತುದಿಗೆ ಬಂದು, ಕತ್ತರಿಗೆ ಸಿಕ್ಕಿ, ನಾವು ಗಾಬ್ ಎನ್ನುವ ಉಂಡೆಯಾಗಿ ಅಚ್ಚಿಗೆ ಬೀಳುವ ಹೊತ್ತಿಗೆ ಅದರ ಹತ್ತು ಪಟ್ಟು ದಪ್ಪಗಾಗಿರುತ್ತದೆ. ಅಷ್ಟು ದಪ್ಪನೆಯ ದ್ರವದೊಳಗಿನಿಂದ ಸಣ್ಣ ಗುಳ್ಳೆಗಳು ಮೇಲೆದ್ದು ಹೋಗಬೇಕು, ಮರಳಿನ ಕಣಗಳು ಪೂರ್ತಿ ಕರಗಬೇಕು. ಅದಕ್ಕೆ ಹೊತ್ತು ಬೇಕು. ಒಂದು ಕಡೆ ಹಾಕಿದ ಬ್ಯಾಚ್ ಇನ್ನೊಂದು ಕಡೆ ಬಾಟಲಿಯಾಗಿ ಹೊರಬರುವುದಕ್ಕೆ ಸರಾಸರಿ ಒಂದು ದಿನಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಇಂದು ಮಾಡಿದ ಬದಲಾವಣೆಯ ಪೂರ್ಣ ಫಲ ಕಾಣುವುದು ನಾಳೆಯೋ ನಾಡಿದ್ದೋ. ಈ ಉದ್ಯೋಗದಲ್ಲಿ ನಾನು ಕಲಿತ ಎಲ್ಲವೂ ಇದೊಂದರ ಸುತ್ತಲೇ ಇದೆ: ಗಾಜು ತಡವಾಗಿ ಉತ್ತರ ಕೊಡುತ್ತದೆ, ಆದ್ದರಿಂದ ಕೇಳಿದ ಮೇಲೆ ಕಾಯಬೇಕು.

ಕಾಯದೆ ಕೆಟ್ಟ ಕಥೆ ನನ್ನದೇ ಇದೆ. ಕೆಲಸಕ್ಕೆ ಸೇರಿ 6ನೇ ವರ್ಷ, ನಾನು ಒಂದು ಕುಲುಮೆಯ ಉಸ್ತುವಾರಿಯಲ್ಲಿದ್ದಾಗ, ಒಂದು ರಾತ್ರಿ ಪಾಳಿಯಲ್ಲಿ ಬಾಟಲಿಗಳಲ್ಲಿ ಸಣ್ಣ ಗುಳ್ಳೆಗಳು, ನಾವು ಸೀಡ್ ಎನ್ನುವುದು, ಒಮ್ಮೆಲೇ ಹೆಚ್ಚಾದವು. ನಾನು ಮೊದಲು ಇಂಧನ ಏರಿಸಿದೆ. ಎರಡು ಗಂಟೆಯಲ್ಲಿ ಗುಣ ಕಾಣಲಿಲ್ಲವೆಂದು ಬ್ಯಾಚ್‌ನಲ್ಲಿ ಸೋಡಿಯಂ ಸಲ್ಫೇಟ್ ಹೆಚ್ಚಿಸಿದೆ. ಬೆಳಗಿನ ಜಾವ ಒಂದು ಯಂತ್ರದ ವೇಗ ಇಳಿಸಿ ಎಳೆತವನ್ನೂ ಕಡಿಮೆ ಮಾಡಿದೆ. ಮೂರು ದಿನ ಗಾಜು ಎತ್ತೆತ್ತಲೋ ಓಲಾಡಿತು. ನೊರೆ ಬಂತು, ಬಣ್ಣ ಕದಲಿತು, ಗಾಬ್‌ನ ತೂಕ ಒಂದೆಡೆ ನಿಲ್ಲಲಿಲ್ಲ, ಆದರೆ ಯಾವ ಬದಲಾವಣೆ ಯಾವುದನ್ನು ಮಾಡಿತು ಎಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ನಿಜವಾದ ಕಾರಣ ಆಮೇಲೆ ಗೊತ್ತಾಯಿತು. ಹಿಂದಿನ ದಿನ ಬಂದ ಕಲೆಟ್ ಲೋಡಿನಲ್ಲಿ ಕಾಗದದ ಲೇಬಲ್ಲು, ಸಕ್ಕರೆ ಪಾನೀಯದ ಅಂಟು ಇತ್ಯಾದಿ ವಿಪರೀತವಾಗಿದ್ದವು. ಆ ಸಾವಯವ ಕೊಳೆ ಗಾಜಿನ ರೆಡಾಕ್ಸ್ ಸ್ಥಿತಿಯನ್ನು, ಅಂದರೆ ಅದರೊಳಗಿನ ಆಕ್ಸಿಜನ್ ಸಮತೋಲವನ್ನು, ಬದಲಿಸಿ, ಗುಳ್ಳೆ ಹೊರಹಾಕಬೇಕಾಗಿದ್ದ ಸಲ್ಫೇಟನ್ನು ಹೊತ್ತಿಗೆ ಮೊದಲೇ ಒಡೆದುಹಾಕಿತ್ತು. ಕಲೆಟ್ ರಾಶಿಯ ಬಳಿಗೆ ಹತ್ತು ನಿಮಿಷ ನಡೆದು ಹೋಗಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಅಂದು ನನ್ನ ಮೇಲಿನ ವ್ಯವಸ್ಥಾಪಕರು ಬೈಯಲಿಲ್ಲ. ಲಾಗ್ ಪುಸ್ತಕವನ್ನು ನನ್ನ ಮುಂದಿಟ್ಟು, ಒಂದು ಬದಲಾವಣೆಗೂ ಇನ್ನೊಂದಕ್ಕೂ ನಡುವೆ ಖಾಲಿ ಸಾಲುಗಳು ಇರಬೇಕಿತ್ತು ಎಂದರು.

ಇನ್ನು ಹಳೆಯ ಕುಲುಮೆಯ ವಿಚಾರ. ಕೇಳಬೇಕಾದುದರಲ್ಲಿ ಮೊದಲನೆಯದು ಥ್ರೋಟ್. ಕರಗುವ ತೊಟ್ಟಿಯಿಂದ ಗಾಜು ಮುಂದಕ್ಕೆ ಹಾಯುವ ಆ ಸಣ್ಣ ಸುರಂಗದ ಮೇಲಿನ ಕಲ್ಲು ಎಲ್ಲಕ್ಕಿಂತ ಬೇಗ ತಿನ್ನಲ್ಪಡುತ್ತದೆ. ಅದಕ್ಕೆ ತಂಪು ಗಾಳಿ ಎಷ್ಟು ಹೊಡೆಯುತ್ತಿದ್ದಾರೆ, ಹೊರಮೈಯ ಉಷ್ಣತೆ ತಿಂಗಳಿಂದ ತಿಂಗಳಿಗೆ ಹೇಗೆ ಏರುತ್ತಿದೆ ಎಂಬ ದಾಖಲೆ ಕೇಳಿ. ಆಮೇಲೆ ಗಾಜಿನ ಮಟ್ಟದ ಸಾಲಿನಲ್ಲಿ ಪಕ್ಕದ ಬ್ಲಾಕುಗಳು ಎಷ್ಟು ಉಳಿದಿವೆ, ಹೊಗೆಯ ಶಾಖವನ್ನು ಹಿಡಿದಿಟ್ಟು ಉರಿಯ ಗಾಳಿಗೆ ಕೊಡುವ ರಿಜನರೇಟರ್‌ನ ಚೆಕರ್ ಇಟ್ಟಿಗೆಗಳು ಎಷ್ಟು ಮುಚ್ಚಿಹೋಗಿವೆ ಎಂದು ಕೇಳಿ. ಒಂದು ಟನ್ ಗಾಜಿಗೆ ತಗಲುವ ಇಂಧನದ ಐದು ವರ್ಷದ ಪಟ್ಟಿ ಕೈಗೆ ಸಿಕ್ಕರೆ ಕುಲುಮೆಯ ಆರೋಗ್ಯದ ಮುಕ್ಕಾಲು ಪಾಲು ಅದರಲ್ಲೇ ತಿಳಿಯುತ್ತದೆ. ಹೊಸ ಇಟ್ಟಿಗೆಗೆ ಆರ್ಡರ್ ಹೋಗಿದೆಯೇ ಎಂಬುದು ಬಹಳ ಮುಖ್ಯ. ಕರಗಿಸಿ ಎರಕ ಹೊಯ್ದ ಅಲ್ಯುಮಿನಾ-ಜಿರ್ಕೋನಿಯಾ-ಸಿಲಿಕಾ ಬ್ಲಾಕುಗಳು ಬೇಕೆಂದಾಗ ಅಂಗಡಿಯಲ್ಲಿ ಸಿಗುವಂಥವಲ್ಲ, ತಿಂಗಳುಗಟ್ಟಲೆ ಮೊದಲೇ ಹೇಳಿಡಬೇಕು. ಆರ್ಡರ್ ಹೋಗಿಲ್ಲವೆಂದರೆ ಎರಡು ವರ್ಷದಲ್ಲಿ ಕಟ್ಟುತ್ತೇವೆ ಎಂಬುದು ಬರೀ ಬಾಯಿಮಾತು ಎಂದೇ ತಿಳಿಯಿರಿ. ಗಾಜು ಸೋರಿದರೆ ಯಾರು ಏನು ಮಾಡಬೇಕು ಎಂಬುದು ಬರಹದಲ್ಲಿದೆಯೇ, ಅದರ ತಾಲೀಮು ಕೊನೆಯ ಬಾರಿ ಎಂದು ನಡೆಯಿತು ಎಂದೂ ವಿಚಾರಿಸಿ.

ಉತ್ತರ: ಗೋಣಿಕೊಪ್ಪಲಿನವಳು, ಗುಣಮಟ್ಟ ವಿಭಾಗದಲ್ಲಿ 14 ವರ್ಷ

ಹಿರಿಯರು ಕುಲುಮೆಯ ಬಗ್ಗೆ ಹೇಳಿರುವುದೆಲ್ಲ ಸರಿ. ಆದರೆ ಕುಲುಮೆಯಿಂದ ಮೇಲೆದ್ದ ವ್ಯವಸ್ಥಾಪಕರು ಸಾಮಾನ್ಯವಾಗಿ ಕುಲುಮೆ, ಯಂತ್ರಗಳಿರುವ ಬಿಸಿ ಬದಿಯಾದ ಹಾಟ್ ಎಂಡ್‌ನಲ್ಲೇ ಉಳಿದುಬಿಡುತ್ತಾರೆ, ಲೆಹರ್ ದಾಟಿ ನಮ್ಮ ಕಡೆಗೆ ಬರುವುದಿಲ್ಲ ಎಂಬ ದೂರನ್ನು ನಾನು ಇಲ್ಲಿ ಹೇಳಲೇಬೇಕು. ಬಾಟಲಿಗಳನ್ನು ಸುಮಾರು 550 ಡಿಗ್ರಿಗೆ ಕಾಯಿಸಿ ನಿಧಾನವಾಗಿ ತಣಿಸಿ ಒಳಗಿನ ಬಿಗಿತ ತೆಗೆಯುವ ಲೆಹರ್ ಎಂಬ ಆ ಉದ್ದನೆಯ ಸುರಂಗ ಅನೇಕ ಕಾರ್ಖಾನೆಗಳಲ್ಲಿ ಎರಡು ದೇಶಗಳ ಗಡಿಯಂತಾಗಿದೆ. ಆಚೆಯವರು ಎಷ್ಟು ಬಾಟಲಿ ಮಾಡಿದೆವು ಎಂದು ಲೆಕ್ಕ ಕೊಡುತ್ತಾರೆ, ಈಚೆಯವರು ಎಷ್ಟು ತಿರಸ್ಕರಿಸಿದೆವು ಎಂದು ಲೆಕ್ಕ ಕೊಡುತ್ತಾರೆ. ಕರಗಿದ ನೂರು ಟನ್ನಿನಲ್ಲಿ ಪ್ಯಾಕ್ ಆಗಿ ಗೋದಾಮಿಗೆ ಹೋದದ್ದು ಎಷ್ಟು ಎಂಬ ಒಂದೇ ಅಂಕಿ ಎರಡೂ ಕಡೆಯವರದ್ದಾಗಬೇಕು, ಅದನ್ನು ಆಗಿಸಬೇಕಾದವರು ಉತ್ಪಾದನಾ ವ್ಯವಸ್ಥಾಪಕರು.

ನಾನು ಕಂಡ ಒಬ್ಬ ವ್ಯವಸ್ಥಾಪಕರ ಕ್ರಮ ಹೇಳುತ್ತೇನೆ. ಒಂದು ವಾರ ನಮ್ಮಲ್ಲಿ ಬಾಟಲಿಯ ಬಾಯಿಯಲ್ಲಿ ಕೂದಲೆಳೆಯಂಥ ಬಿರುಕು ಬರುತ್ತಿತ್ತು. ಯಂತ್ರದವರು ಗಾಜಿನ ತಪ್ಪೆಂದರು, ಕುಲುಮೆಯವರು ಅಚ್ಚಿನ ತಪ್ಪೆಂದರು. ಅವರು ಇಬ್ಬರನ್ನೂ ಲೆಹರ್‌ನ ಬಾಯಿಗೆ ಕರೆತಂದು, ಅದೇ ಬಾಟಲಿಯನ್ನು ದೀಪದ ಮುಂದೆ ಹಿಡಿದು ಮೆಲ್ಲನೆ ತಿರುಗಿಸಿದರು. ಬಿರುಕು ಒಂದು ಕೋನದಲ್ಲಿ ಮಾತ್ರ ಬೆಳ್ಳಿಯಂತೆ ಮಿಂಚಿ ಮರೆಯಾಗುತ್ತಿತ್ತು. ಬುಡದಲ್ಲಿದ್ದ ಅಚ್ಚಿನ ಸಂಖ್ಯೆ ಓದಿ, ಇನ್ನೂ ಇಪ್ಪತ್ತು ಬಾಟಲಿ ಆರಿಸಿ ನೋಡಿದಾಗ ಎಲ್ಲ ದೋಷವೂ ಯಂತ್ರದ ಎರಡೇ ಸೆಕ್ಷನ್ನುಗಳಿಂದ, ಅಂದರೆ ಬಾಟಲಿ ರೂಪಿಸುವ ಎರಡೇ ಭಾಗಗಳಿಂದ, ಬರುತ್ತಿತ್ತು. ಗಾಜು ಕೆಟ್ಟಿದ್ದರೆ ಎಲ್ಲ ಸೆಕ್ಷನ್ನುಗಳಲ್ಲೂ ದೋಷವಿರಬೇಕಿತ್ತು. ಆ ಎರಡು ಸೆಕ್ಷನ್ನುಗಳಲ್ಲಿ ಕುತ್ತಿಗೆ ಅಚ್ಚಿಗೆ ಬೀಸುವ ತಂಪು ಗಾಳಿ ಅತಿಯಾಗಿತ್ತು. ಯಾರ ಮೇಲೂ ಕೂಗಾಡದೆ ಅರ್ಧ ಗಂಟೆಯಲ್ಲಿ ವ್ಯಾಜ್ಯ ಮುಗಿಯಿತು.

ಇನ್ನೊಂದು ಮಾತು ಆಪರೇಟರುಗಳದು. ಯಂತ್ರ ಓಡುತ್ತಿರುವಾಗಲೇ ಅಚ್ಚಿನೊಳಗೆ ಗ್ರಾಫೈಟ್ ಎಣ್ಣೆ ಸವರುವ ಸ್ವಾಬಿಂಗ್ ಕೆಲಸ ನಿಮಗೆ ಗೊತ್ತೇ ಇದೆ. ಬಿಸಿ, ಹೊಗೆ, ಕಿವಿಗಡಚಿಕ್ಕುವ ಶಬ್ದದ ನಡುವೆ, ಅಚ್ಚು ತೆರೆದಿರುವ ಕ್ಷಣದಲ್ಲಿ ಕೈ ಒಳಗೆ ಹೋಗಿ ಹೊರಬರಬೇಕು. ನೀವು ಹೋಗುವ ಕಾರ್ಖಾನೆಯಲ್ಲಿ ಅದನ್ನು ಇನ್ನೂ ಕೈಯಿಂದಲೇ ಮಾಡುತ್ತಿದ್ದಾರೆಯೇ, ರೋಬಾಟ್ ಬಂದಿದೆಯೇ, ಕಳೆದ ವರ್ಷ ಎಷ್ಟು ಜನರ ಕೈಗೆ ಪೆಟ್ಟಾಗಿದೆ ಎಂದು ಕೇಳಿ. ಕೊಡುವ ಉತ್ತರಕ್ಕಿಂತ ಉತ್ತರ ಕೊಡುವ ರೀತಿಯಲ್ಲೇ ಆ ಆಡಳಿತದ ಗುಣ ಕಾಣುತ್ತದೆ.

ಉತ್ತರ: ಸೋಮವಾರಪೇಟೆಯವನು, ಫ್ಲೋಟ್ ಗಾಜಿನ ಘಟಕ

ನನ್ನದು ಬಾಟಲಿಯಲ್ಲ, ಕಿಟಕಿ ಗಾಜು. ಪಿಲ್ಕಿಂಗ್‌ಟನ್ ಸಂಸ್ಥೆಯವರು 1959ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನದಲ್ಲಿ, ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ಕೆಲಸ. ನಮ್ಮ ಯಂತ್ರಗಳು ನಿಮ್ಮವುಗಳಿಗಿಂತ ಬೇರೆ, ಆದರೆ ಕುಲುಮೆಯ ಸಂಕಟ ಒಂದೇ. ನನ್ನ ಸಲಹೆ ನೇರವಾಗಿ ಇಷ್ಟು: ಹೊಸ ಕುಲುಮೆ ಕಟ್ಟುವ ಕೆಲಸದಲ್ಲಿ ಮೊದಲಿನಿಂದ ಕೊನೆಯವರೆಗೆ ನಿಲ್ಲುವ ಅವಕಾಶ ಸಿಗುವುದಾದರೆ ಬಿಡಬೇಡಿ. ಇಡೀ ವೃತ್ತಿಜೀವನದಲ್ಲಿ ಅದು ಒಬ್ಬ ಎಂಜಿನಿಯರಿಗೆ ಎರಡು, ಹೆಚ್ಚೆಂದರೆ ಮೂರು ಸಲ ಸಿಗುವಂಥದ್ದು.

ನಾನು ಒಂದೇ ಸಲ ಕಂಡಿದ್ದೇನೆ. ಕಟ್ಟಿ ಮುಗಿದ ಮೇಲೆ ಹೊತ್ತಿಸುವ ದಿನಗಳನ್ನು ನಾನು ಮರೆಯಲಾರೆ. ಚಾವಣಿಯ ಸಿಲಿಕಾ ಇಟ್ಟಿಗೆ ಮೊದಲ 300 ಡಿಗ್ರಿಯೊಳಗೇ ತನ್ನ ಹೆಚ್ಚಿನ ಹಿಗ್ಗುವಿಕೆಯನ್ನು ಮುಗಿಸಿಕೊಳ್ಳುತ್ತದೆ, ಏಕೆಂದರೆ ಅದರಲ್ಲಿರುವ ಕ್ರಿಸ್ಟೋಬಲೈಟ್ ಹರಳು ಆ ಶಾಖದಲ್ಲಿ ರೂಪ ಬದಲಿಸುತ್ತದೆ. ಅಲ್ಲಿ ಅವಸರ ಮಾಡಿದರೆ ಇಟ್ಟಿಗೆ ಸೀಳುತ್ತದೆ. ಗಂಟೆಗೆ ಕೆಲವೇ ಡಿಗ್ರಿಯಂತೆ ಏರಿಸುತ್ತ, ಚಾವಣಿ ಎಷ್ಟು ಮಿಲಿಮೀಟರ್ ಮೇಲೆದ್ದಿತು ಎಂದು ಅಳೆಯುತ್ತ, ಎರಡು ಕಡೆಯ ಉಕ್ಕಿನ ಕಂಬಗಳನ್ನು ಬಿಗಿದಿರುವ ಟೈ ರಾಡ್‌ಗಳ ನಟ್ಟುಗಳನ್ನು ಅದಕ್ಕೆ ತಕ್ಕಂತೆ ಸಡಿಲಿಸುತ್ತ ಹೋಗಬೇಕು. ನಮ್ಮ ಪಾಳಿಯಲ್ಲಿ ನಾಲ್ವರು ಪಾನಾ ಹಿಡಿದು ಚಾವಣಿಯ ಮೇಲೆ ನಿಂತಿರುತ್ತಿದ್ದೆವು. ಕೆಳಗಿನಿಂದ ಅಂಕಿ ಕೂಗಿ ಹೇಳಿದಾಗ ಎಲ್ಲರೂ ಒಟ್ಟಿಗೆ ಕಾಲು ಸುತ್ತು ತಿರುಗಿಸಬೇಕು. ಆ ಕೆಲಸ ಮಾಡಿದವನಿಗೆ ಮುಂದೆ ಹತ್ತು ವರ್ಷ ಕುಲುಮೆಯ ಯಾವ ಮೂಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅಂಗೈಯಲ್ಲಿರುತ್ತದೆ.

ಉತ್ತರ: ಕುಶಾಲನಗರ, ಜೇನು ಪ್ಯಾಕಿಂಗ್ ಮಾಡುವವರು

ನಾನು ಗಾಜಿನ ಉದ್ಯಮದವನಲ್ಲ, ಬಾಟಲಿ ಕೊಳ್ಳುವವನು. ಹಿರಿಯರು ಜೇನಿನ ಮಾತು ತೆಗೆದದ್ದರಿಂದ ಒಂದು ಅನುಭವ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ, ಬೆಳಗಿನ ಹೊತ್ತು ಮಾತ್ರ, ತುಂಬುವಾಗ ಬಾಟಲಿಗಳ ಬುಡ ದುಂಡಗೆ ಕಳಚಿ ಬೀಳುತ್ತಿತ್ತು. ಬಾಟಲಿ ಕಳಪೆ ಎಂದು ನಾನು ಸರಬರಾಜುದಾರರ ಮೇಲೆ ಸಿಟ್ಟಾದೆ. ಅವರ ಕಾರ್ಖಾನೆಯಿಂದ ಬಂದ ಎಂಜಿನಿಯರ್ ಗಾಜಿನೊಳಗಿನ ಬಿಗಿತ ತೋರಿಸುವ ಪೋಲರಿಸ್ಕೋಪಿನಲ್ಲಿ ಕೆಲವು ಬಾಟಲಿ ನೋಡಿ ಬಿಗಿತವೇನೂ ಹೆಚ್ಚಿಲ್ಲವೆಂದರು. ಆಮೇಲೆ ಮರುದಿನ ಬೆಳಿಗ್ಗೆ 7 ಗಂಟೆಗೇ ಬಂದು, ತೆರೆದ ಶೆಡ್ಡಿನಲ್ಲಿ ರಾತ್ರಿಯಿಡೀ ಇದ್ದ ಬಾಟಲಿಯ ಮೈಗೆ ಉಷ್ಣಮಾಪಕ ಹಿಡಿದರು: 12 ಡಿಗ್ರಿ. ನಾವು ತುಂಬುತ್ತಿದ್ದ ಜೇನು 60 ಡಿಗ್ರಿ. ಸಾಧಾರಣ ಬಾಟಲಿ ಗಾಜು ತಾಳುವುದು ಸುಮಾರು 40 ಡಿಗ್ರಿಯ ಏಕಾಏಕಿ ವ್ಯತ್ಯಾಸವನ್ನು ಎಂದು ಅವರು ಹೇಳಿದ ಮೇಲೆ ಬಾಟಲಿಗಳನ್ನು ಹಿಂದಿನ ರಾತ್ರಿಯೇ ಬೆಚ್ಚಗಿನ ಕೋಣೆಗೆ ತಂದಿಡತೊಡಗಿದೆವು. ಒಡೆಯುವುದು ನಿಂತಿತು. ವ್ಯವಸ್ಥಾಪಕರಾದ ಮೇಲೂ ನೀವು ಗಿರಾಕಿಯ ಶೆಡ್ಡಿಗೆ ಆಗಾಗ ಬರಬೇಕು ಎಂಬುದಷ್ಟೇ ನನ್ನ ಕೋರಿಕೆ.

ಪ್ರಶ್ನೆ ಕೇಳಿದವರು:

ಹಿರಿಯರಿಗೂ ಉಳಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಗುಜರಾತಿನವರ ಜೊತೆ ಫೋನಿನಲ್ಲಿ ಒಂದು ಗಂಟೆ ಮಾತನಾಡಿದೆ. ಥ್ರೋಟ್‌ಗೆ ಎರಡು ವರ್ಷದಿಂದ ಹೆಚ್ಚುವರಿ ಗಾಳಿ ಹೊಡೆಯುತ್ತಿದ್ದಾರೆ. ಚೆಕರ್‌ಗಳನ್ನು ಕಳೆದ ವರ್ಷ ಒಮ್ಮೆ ಶುಚಿಗೊಳಿಸಿದ್ದಾರೆ. ಬ್ಲಾಕುಗಳ ಆರ್ಡರ್ ಇನ್ನೂ ಹೋಗಿಲ್ಲ, ನಕ್ಷೆ ಮಾತ್ರ ಸಿದ್ಧವಾಗಿದೆ ಎಂದು ಒಪ್ಪಿಕೊಂಡರು. ಸ್ವಾಬಿಂಗ್ ಒಂದು ಯಂತ್ರದಲ್ಲಿ ರೋಬಾಟಿನಿಂದ, ಉಳಿದೆರಡರಲ್ಲಿ ಕೈಯಿಂದ ನಡೆಯುತ್ತಿದೆ. ಪೆಟ್ಟಾದವರ ಲೆಕ್ಕವನ್ನು ಅವರು ಮುಚ್ಚಿಡದೆ ಹೇಳಿದರು, ಅದು ನನಗೆ ಹಿಡಿಸಿತು. ಬ್ಲಾಕುಗಳ ಆರ್ಡರ್ ಹೊರಡುವ ತಾರೀಖನ್ನು ನೇಮಕದ ಪತ್ರದ ಜೊತೆಗೆ ಬರೆದುಕೊಡಿ ಎಂದು ಕೇಳಿದ್ದೇನೆ, ಸೋಮವಾರ ತಿಳಿಸುತ್ತಾರಂತೆ. ಸೋಮವಾರಪೇಟೆಯವರ ಮಾತು ಓದಿದ ಮೇಲೆ, ಕಟ್ಟುವ ಕೆಲಸ ನಿಜವಾಗಿ ನಡೆಯುವುದಾದರೆ ಹೋಗಬೇಕೆಂದೇ ಮನಸ್ಸು ವಾಲಿದೆ. ಕುಯ್ಲಿನ ಸಮಯಕ್ಕೆ ವರ್ಷಕ್ಕೊಮ್ಮೆ ಬರುವೆನೆಂದು ಅಪ್ಪನಿಗೆ ಹೇಳಿದ್ದೇನೆ. ಹೊಸ ಕುಲುಮೆ ಹೊತ್ತಿಸುವ ವರ್ಷ ಮಾತ್ರ ಬರಲಾಗದು ಎಂದೂ ಹೇಳಿದ್ದೇನೆ.

ಉತ್ತರ: ಮಡಿಕೇರಿಯ ನಿವೃತ್ತ ಕುಲುಮೆ ಎಂಜಿನಿಯರ್

ಸರಿಯಾದದ್ದನ್ನೇ ಕೇಳಿದ್ದೀರಿ. ಆರ್ಡರ್ ತಾರೀಖು ಬರೆದುಕೊಡದಿದ್ದರೆ ಹೋಗಬೇಡಿ. ಬರೆದುಕೊಟ್ಟರೆ, ಮೊದಲ ತಿಂಗಳು ಎಳೆತ ಹೆಚ್ಚಿಸುತ್ತೇನೆಂದು ಯಾರಿಗೂ ಮಾತು ಕೊಡಬೇಡಿ. ಥ್ರೋಟ್‌ಗೆ ಹೆಚ್ಚುವರಿ ಗಾಳಿ ಬಂದು ಎರಡು ವರ್ಷವಾಗಿದ್ದರೆ ಆ ಬ್ಲೋವರ್‌ಗೆ ಬದಲಿ ಬ್ಲೋವರ್ ಇದೆಯೇ, ವಿದ್ಯುತ್ ಹೋದಾಗ ಅದು ಜನರೇಟರಿನ ಮೇಲೆ ಎಷ್ಟು ಸೆಕೆಂಡಿನಲ್ಲಿ ಬರುತ್ತದೆ ಎಂಬುದನ್ನು ಅಲ್ಲಿಗೆ ಹೋದ ದಿನವೇ ನಿಂತು ನೋಡಿಕೊಳ್ಳಿ. ಆ ಹೊರಮೈಯ ಉಷ್ಣತೆಯ ಪಟ್ಟಿ ನಿಮ್ಮ ಕೈಸೇರಿದ್ದರೆ, ರಜೆ ಮುಗಿಯುವುದರೊಳಗೆ ಒಂದು ಮಧ್ಯಾಹ್ನ ಮಡಿಕೇರಿಗೆ ತನ್ನಿ, ಇಬ್ಬರೂ ಕೂತು ನೋಡೋಣ.